ರಾಜಶಬ್ದವಾಚ್ಯನಾರು?

॥ ಶ್ರೀಹರಿವಾಯುಗುರುಭ್ಯೋ ನಮಃ ॥



ನಮ್ಮಲ್ಲಿ ಬಹುಜನರ ಹೆಸರಿನ ಕೊನೆಯಲ್ಲಿ 'ರಾವ್' ಎಂಬ ಒಂದು ಪುಟ್ಟ ಶಬ್ದವಿದೆ. ಉದ್ಯೋಗನಿಮಿತ್ತ ಊರು ಬಿಟ್ಟು ಬಂದ ನಮ್ಮ ಕುಟುಂಬಗಳಿಗೆ ಈ ಶಬ್ದವು ಊರಿಗೊಂದು ಗುರುತನ್ನು ತಂದುಕೊಟ್ಟಿದೆ. ಪುಣೆಯಲ್ಲಿ ಇದನ್ನು ಕೇಳಿದವರು ನಮ್ಮನ್ನು ಮರಾಠಿಗರೆಂದು ಎಣಿಸುವುದುಂಟು. ಹೈದರಾಬಾದಿನಲ್ಲಿ ತೆಲುಗರೆಂದು ತಿಳಿಯುವುದುಂಟು. ಚೆನ್ನೈಯಲ್ಲಿ ಮಾಧ್ವರನ್ನು 'ರಾಯರ್' ಎಂದೇ ಕರೆಯುವ ರೂಢಿಯಿದೆ. ದೆಹಲಿಯಲ್ಲಿ 'ರಾವ್ ಸಾಹಬ್' ಎಂಬ ಸಂಬೋಧನೆ ಕಿವಿಗೆ ಬೀಳುತ್ತದೆ. ಆದರೆ ಈ ಶಬ್ದದ ಅರ್ಥವೇನೆಂದು ಮನೆಯ ಮಕ್ಕಳು ಕೇಳಿದರೆ 'ಅದು ನಮ್ಮ ಮನೆತನದ ಹೆಸರು' ಎಂದಷ್ಟೇ ಹೇಳಿ ಸುಮ್ಮನಾಗುವವರೇ ಹೆಚ್ಚು.

ಸಂಸ್ಕೃತದ 'ರಾಜನ್' ಶಬ್ದವು ಪ್ರಾಕೃತದಲ್ಲಿ 'ರಾಯ' ಎಂದಾಯಿತು. ಅದೇ ಕನ್ನಡ ತೆಲುಗುಗಳಲ್ಲಿ 'ರಾಯ', 'ರಾಯಲು' ಎಂದೂ, ಮರಾಠಿಯಲ್ಲಿ 'ರಾವ್' ಎಂದೂ, ಉತ್ತರದಲ್ಲಿ 'ರಾಯ್' ಎಂದೂ ಉಳಿಯಿತು. 'ರಾಜ್ಞೀ' ಎಂಬುದು 'ರಾಣಿ'ಯಾಯಿತು. 'ರಾಜಪುತ್ರ'ನು ಕುದುರೆಯೇರಿದ 'ರಾವುತ'ನಾದನು. ವಿಜಯನಗರದ ಕೃಷ್ಣದೇವರಾಯನ ಹೆಸರಿನಲ್ಲಿರುವ 'ರಾಯ'ನೂ, ಮಂತ್ರಾಲಯದ ಗುರುಸಾರ್ವಭೌಮರನ್ನು ನಾವು ಪ್ರೀತಿಯಿಂದ 'ರಾಯರು' ಎನ್ನುವಾಗಿನ 'ರಾಯ'ನೂ, ನಮ್ಮ ಮನೆಯ ಬಾಗಿಲಿನ ನಾಮಫಲಕದಲ್ಲಿರುವ 'ರಾವ್' ಶಬ್ದವೂ ಒಂದೇ ಮೂಲದಿಂದ ಬಂದವು. ಎಂದಮೇಲೆ ನಾವು ಪ್ರತಿದಿನವೂ ಒಂದು ರಾಜಶಬ್ದವನ್ನು ಹೊತ್ತುಕೊಂಡು ಓಡಾಡುತ್ತಿದ್ದೇವೆ. ಹೊತ್ತ ಭಾರವು ಎಂಥದೆಂದು ಒಮ್ಮೆ ಇಳಿಸಿ ನೋಡುವುದು ಉಚಿತವಲ್ಲವೇ?

ಶಬ್ದದೊಳಗಿನ ಕರ್ತವ್ಯ

ಅರಸುತನವನ್ನು ಹೇಳುವ ಸಂಸ್ಕೃತ ಶಬ್ದಗಳನ್ನು ಬಿಡಿಸಿ ನೋಡಿದರೆ ಒಂದು ವಿಶೇಷವು ಗೋಚರವಾಗುತ್ತದೆ. ಅವು ಹೆಚ್ಚಾಗಿ ಭೋಗವನ್ನು ಹೇಳುವುದಿಲ್ಲ, ಕೆಲಸವನ್ನು ಹೇಳುತ್ತವೆ. 'ರಾಜ್' ಎಂಬ ಧಾತುವಿಗೆ ಬೆಳಗುವುದು ಎಂದರ್ಥ; ಬೆಳಗುವವನು ರಾಜ. 'ರಂಜ್' ಎಂಬ ಧಾತುವಿನಿಂದ ಅರ್ಥ ಹೇಳುವ ಪಕ್ಷವೂ ಉಂಟು. ಪ್ರಜೆಗಳನ್ನು ರಂಜಿಸುವವನು, ಅಂದರೆ ಸಂತೋಷಪಡಿಸುವವನು ರಾಜ. ಮಹಾಭಾರತದ ಶಾಂತಿಪರ್ವವು ಪೃಥುಚಕ್ರವರ್ತಿಯ ಪ್ರಸಂಗದಲ್ಲಿ ಈ ಎರಡನೆಯ ಅರ್ಥವನ್ನು ತಿಳಿಸುತ್ತದೆ. ಕಾಳಿದಾಸನು ರಘುಮಹಾರಾಜನಿಗೆ ಇದನ್ನೇ ಅನ್ವಯಿಸಿದ್ದಾನೆ.

'ಕ್ಷತ್ರ' ಎಂದರೆ ಕ್ಷತದಿಂದ, ಅಂದರೆ ಗಾಯದಿಂದ, ಕಾಪಾಡುವುದು. ರಘುವಂಶದ ದಿಲೀಪನು ಸಿಂಹದ ಎದುರು ನಿಂತು ನಂದಿನೀಧೇನುವಿಗೆ ಬದಲಾಗಿ ತನ್ನ ದೇಹವನ್ನೇ ಒಪ್ಪಿಸಲು ಮುಂದಾದಾಗ ಈ ಶಬ್ದಾರ್ಥವನ್ನೇ ನೆನಪಿಸಿಕೊಳ್ಳುತ್ತಾನೆ. ಹಸುವನ್ನು ಉಳಿಸಲಾರದವನಿಗೆ ಕ್ಷತ್ರಿಯನೆಂಬ ಹೆಸರೇಕೆ ಎಂಬುದು ಅವನ ಮನೋಗತ. 'ನೃಪ' ಎಂದರೆ ಮನುಷ್ಯರನ್ನು ಪಾಲಿಸುವವನು. 'ಭೂಪ' ಎಂದರೆ ಭೂಮಿಯನ್ನು ಪಾಲಿಸುವವನು. ಎಲ್ಲೆಲ್ಲಿಯೂ ಪಾಲನೆಯೇ ಮುಂದು.

ಇವುಗಳಲ್ಲಿ 'ಪಾರ್ಥಿವ' ಎಂಬ ಶಬ್ದವು ಬಹಳ ಮನನೀಯವಾದದ್ದು. ಪೃಥಿವಿಗೆ ಒಡೆಯನು ಎಂಬ ಅರ್ಥದಲ್ಲಿ ಪಾಣಿನಿಮಹರ್ಷಿಗಳು ಇದನ್ನು ಸಾಧಿಸಿಕೊಟ್ಟಿದ್ದಾರೆ. ಆದರೆ ಪೃಥಿವಿಯಿಂದಾದದ್ದು, ಮಣ್ಣಿನದು ಎಂಬ ಅರ್ಥವೂ ಅದೇ ಶಬ್ದಕ್ಕಿದೆ. ಮೃತರಾದ ಗಣ್ಯರ 'ಪಾರ್ಥಿವ ಶರೀರ'ವನ್ನು ದರ್ಶನಕ್ಕಿಟ್ಟರೆಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಆ ಪಾರ್ಥಿವವೂ ಇದೇ. ಮಣ್ಣನ್ನು ಆಳುವವನು, ಮಣ್ಣಿನಿಂದಾದವನು ಎಂಬ ಎರಡು ಅರ್ಥಗಳನ್ನು ಒಂದೇ ಶಬ್ದದಲ್ಲಿಟ್ಟ ನಮ್ಮ ಭಾಷೆಯು ಅರಸನಿಗೆ ಪ್ರತಿನಿತ್ಯ ಎಚ್ಚರಿಕೆಯನ್ನು ಕೊಡುತ್ತಲೇ ಇದೆ.

ಮನೆಯ ಹಿರಿಯರನ್ನು ನಾವು 'ಯಜಮಾನರು' ಎನ್ನುತ್ತೇವೆ. ಈಗ ಅದಕ್ಕೆ ಒಡೆತನದ ಅರ್ಥವೇ ರೂಢಿಯಾಗಿದೆ. ಮೂಲದಲ್ಲಿ ಯಜ್ಞ ಮಾಡುವವನು ಯಜಮಾನ. ಅಗ್ನಿಯಲ್ಲಿ ಆಹುತಿ ಬಿದ್ದಾಗಲೆಲ್ಲ 'ಇದು ನನ್ನದಲ್ಲ' ಎಂದು ಬಾಯಿಬಿಟ್ಟು ಹೇಳಬೇಕಾದವನು ಅವನು. ನಗರಗಳಲ್ಲಿ ದೊಡ್ಡ ಹುದ್ದೆಯವರಿಗೆ ಸಲ್ಲುವ 'ಸಾಹೇಬ' ಎಂಬ ಅರಬ್ಬೀ ಮೂಲದ ಶಬ್ದಕ್ಕೂ ಮೊದಲಿನ ಅರ್ಥ ಜೊತೆಗಾರ ಎಂದೇ. ಕೊಡುವವನು ಯಜಮಾನ, ಜೊತೆಗಿರುವವನು ಸಾಹೇಬ, ಕಾಯುವವನು ನೃಪ. ಕಾಲಕ್ರಮದಲ್ಲಿ ಕೆಲಸವು ಜಾರಿಹೋಗಿ ಗತ್ತು ಮಾತ್ರ ಉಳಿದುಕೊಂಡಿತು.

ವೇನನೂ ಪೃಥುವೂ

ಶಬ್ದವು ಉಳಿದು ಅರ್ಥವು ಹೋದಾಗ ಏನಾಗುತ್ತದೆ ಎಂಬುದಕ್ಕೆ ಶ್ರೀಮದ್ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಒಂದು ದೊಡ್ಡ ನಿದರ್ಶನವಿದೆ. ಅಂಗರಾಜನು ಮಗನ ದುರ್ವರ್ತನೆಗೆ ಬೇಸತ್ತು ರಾಜ್ಯವನ್ನೇ ಬಿಟ್ಟು ಹೊರಟುಹೋದನು. ಅರಸನಿಲ್ಲದ ನಾಡಿನಲ್ಲಿ ಕಳ್ಳಕಾಕರ ಹಾವಳಿ ಹೆಚ್ಚೀತೆಂದು ಋಷಿಗಳೇ ಮನಸ್ಸಿಲ್ಲದ ಮನಸ್ಸಿನಿಂದ ಅವನ ಮಗ ವೇನನಿಗೆ ಪಟ್ಟ ಕಟ್ಟಿದರು. ಪಟ್ಟವೇರಿದ ವೇನನು ಯಜ್ಞದಾನಾದಿಗಳನ್ನು ನಿಲ್ಲಿಸಿದನು. ಸಕಲ ದೇವತೆಗಳೂ ರಾಜನ ಶರೀರದಲ್ಲಿಯೇ ಇರುವರು, ಆದ್ದರಿಂದ ಪೂಜೆಯು ತನಗೇ ಸಲ್ಲತಕ್ಕದ್ದು, ತನ್ನನ್ನು ಬಿಟ್ಟು ಬೇರೆ ಯಜ್ಞಪುರುಷನು ಯಾರು ಎಂದು ಹಿತ ಹೇಳಬಂದ ಋಷಿಗಳನ್ನೇ ಜರೆದನು.

ಇಲ್ಲಿ ವೇನನ ಅಪರಾಧವು ಸೂಕ್ಷ್ಮವಾದದ್ದು. ರಾಜನಲ್ಲಿ ದೇವತೆಗಳ ಸನ್ನಿಧಾನವುಂಟೆಂಬುದನ್ನು ಶಾಸ್ತ್ರವೂ ಒಪ್ಪುತ್ತದೆ. ಮನುಷ್ಯರಲ್ಲಿ ನರಾಧಿಪನು ತನ್ನ ವಿಭೂತಿಯೆಂದು ಗೀತೆಯಲ್ಲಿ ಭಗವಂತನೇ ಅಪ್ಪಣೆ ಕೊಡಿಸಿದ್ದಾನೆ. ಆದರೆ ಸನ್ನಿಧಾನವಿರುವ ಪಾತ್ರೆಯೇ ಬೇರೆ, ಅದರೊಳಗೆ ಸನ್ನಿಹಿತನಾದವನೇ ಬೇರೆ. ಪಾತ್ರೆಯು 'ನಾನೇ ಅವನು' ಎಂದಿತು. ಋಷಿಗಳ ಹುಂಕಾರಮಾತ್ರದಿಂದ ವೇನನು ಸತ್ತನು.

ಅವನ ತೋಳುಗಳನ್ನು ಮಥಿಸಿದಾಗ ಆವಿರ್ಭವಿಸಿದವನು ಪೃಥುಚಕ್ರವರ್ತಿ, ಶ್ರೀಹರಿಯ ವಿಶೇಷಸನ್ನಿಧಾನಕ್ಕೆ ಪಾತ್ರನಾದ ಮಹಾತ್ಮ. ಅವನಿಗೆ ಅಭಿಷೇಕವಾಯಿತು. ದೇವತೆಗಳು ಸಿಂಹಾಸನ, ಛತ್ರ, ಚಾಮರ, ಕಿರೀಟಗಳನ್ನು ತಂದೊಪ್ಪಿಸಿದರು. ಸೂತರೂ ಮಾಗಧರೂ ವಂದಿಗಳೂ ಹೊಗಳಲು ಎದ್ದುನಿಂತರು. ಆಗ ಪೃಥುವು ನಸುನಕ್ಕು ಅವರನ್ನು ತಡೆದನು. ತನ್ನಲ್ಲಿ ಇನ್ನೂ ಯಾವ ಗುಣವೂ ಪ್ರಕಟವಾಗಿಲ್ಲ, ಇಲ್ಲದ ಗುಣಗಳನ್ನು ಹೊಗಳಿಸಿಕೊಳ್ಳುವುದು ನಗೆಪಾಟಲು, ಉತ್ತಮಶ್ಲೋಕನಾದ ಭಗವಂತನು ಇರುವಾಗ ಸ್ತುತಿಯು ಅವನಿಗೇ ಸಲ್ಲಲಿ ಎಂಬುದು ಅವನ ಅಭಿಪ್ರಾಯ. ಋಷಿಗಳ ಪ್ರೇರಣೆಯಿಂದ ವಂದಿಮಾಗಧರು ಮತ್ತೆ ಹಾಡಿದರು. ಆದರೆ ಅವನು ಮುಂದೆ ಮಾಡಲಿರುವ ಕೆಲಸಗಳನ್ನು ಹಾಡಿದರು. ಹೊಗಳಿಕೆಯಾಗಬೇಕಿದ್ದದ್ದು ಕರ್ತವ್ಯಗಳ ಪಟ್ಟಿಯಾಗಿ ಪರಿಣಮಿಸಿತು. ನಾವು ನಿಂತಿರುವ ಈ ನೆಲಕ್ಕೆ 'ಪೃಥ್ವಿ' ಎಂಬ ಹೆಸರು ಬಂದದ್ದು ಆ ಪೃಥುವಿನಿಂದಲೇ ಎಂದು ಪುರಾಣಗಳು ಹೇಳುತ್ತವೆ.

ಮುಂದೆ ಭಗವಂತನು ಪ್ರತ್ಯಕ್ಷನಾಗಿ ವರವನ್ನು ಕೇಳೆಂದಾಗ ಈ ಚಕ್ರವರ್ತಿಯು ಕೇಳಿದ್ದೇನು? ಹರಿಕಥೆಯನ್ನು ಕೇಳಲು ಹತ್ತು ಸಾವಿರ ಕಿವಿಗಳನ್ನು. ತಂದೆಯು ತನ್ನ ಸ್ತುತಿಯನ್ನು ಕೇಳಬಯಸಿ ಕೆಟ್ಟನು. ಮಗನು ಹರಿಯ ಸ್ತುತಿಯನ್ನು ಕೇಳಬಯಸಿ ಉದ್ಧಾರವಾದನು. ಇಬ್ಬರಿಗೂ ಇದ್ದ ಸಿಂಹಾಸನ ಒಂದೇ, ಬಿರುದು ಒಂದೇ.

ಮುಖ್ಯಾರ್ಥವು ಯಾರದು?

ಶ್ರೀಮದಾನಂದತೀರ್ಥಭಗವತ್ಪಾದಾಚಾರ್ಯರು ಬ್ರಹ್ಮಸೂತ್ರಗಳ ಸಮನ್ವಯಾಧ್ಯಾಯದಲ್ಲಿ ನಮಗೆ ಕಲಿಸಿಕೊಟ್ಟ ದೊಡ್ಡ ಪಾಠವೊಂದಿದೆ. ವೇದದಲ್ಲಿ ಬರುವ ಆಕಾಶ, ಪ್ರಾಣ, ಜ್ಯೋತಿಸ್ಸು ಮೊದಲಾದ ಶಬ್ದಗಳು ಲೋಕದಲ್ಲಿ ಬೇರೆ ವಸ್ತುಗಳಿಗೆ ಪ್ರಸಿದ್ಧವಾಗಿದ್ದರೂ ಪರಮಮುಖ್ಯವೃತ್ತಿಯಿಂದ ಹೇಳುವುದು ಶ್ರೀವಿಷ್ಣುವನ್ನೇ. ಯಾವ ಗುಣದಿಂದಾಗಿ ಒಂದು ವಸ್ತುವಿಗೆ ಒಂದು ಹೆಸರು ಬಂದಿತೋ ಆ ಗುಣವು ಪೂರ್ಣವಾಗಿಯೂ ಸ್ವತಂತ್ರವಾಗಿಯೂ ಇರುವುದು ಅವನಲ್ಲಿಯೇ. ಉಳಿದವರಲ್ಲಿ ಅದು ಅವನ ಅಧೀನವಾಗಿ, ಅವರವರ ಯೋಗ್ಯತೆಯಷ್ಟೇ ಇರುತ್ತದೆ. ಯುದ್ಧದಲ್ಲಿ ಕಾದಾಡಿದವರು ಸೈನಿಕರಾದರೂ 'ಅರಸನು ಗೆದ್ದನು' ಎಂದು ನಾವು ಹೇಳುತ್ತೇವೆ. ಜಯವು ಯಾರ ಅಧೀನವೋ ಜಯಶಬ್ದವು ಮುಖ್ಯವಾಗಿ ಅವನಿಗೇ ಸಲ್ಲುತ್ತದೆ.

ಈ ನ್ಯಾಯವನ್ನು ರಾಜಶಬ್ದಗಳಿಗೆ ಅನ್ವಯಿಸಿ ನೋಡೋಣ. 'ಸ್ವಾಮಿ' ಎಂಬುದು 'ಸ್ವ' ಶಬ್ದದಿಂದ ಬಂದದ್ದು. ಐಶ್ವರ್ಯದ ಅರ್ಥದಲ್ಲಿ ಆ ರೂಪವು ಸಾಧುವೆಂದು ಪಾಣಿನಿಯ ಸೂತ್ರವಿದೆ. ತನ್ನದು ಎಂಬುದು ಯಾರಿಗುಂಟೋ ಅವನು ಸ್ವಾಮಿ. ಕನ್ನಡದ 'ಒಡೆಯ' ಶಬ್ದವೂ ಹೀಗೆಯೇ. 'ಒಡವೆ' ಎಂಬ ಶಬ್ದದ ಬಳಗಕ್ಕೆ ಸೇರಿದ್ದು. ಒಡವೆಯುಳ್ಳವನು ಒಡೆಯ. ಈಗ ಕೇಳಬೇಕಾದ ಪ್ರಶ್ನೆಯೊಂದೇ: ನಿಜವಾಗಿ 'ನನ್ನದು' ಎಂದು ಹೇಳಬಲ್ಲವನು ಯಾರು? ತತ್ತ್ವಸಂಖ್ಯಾನದ ಆರಂಭದಲ್ಲಿಯೇ ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿ, ಸ್ವತಂತ್ರನು ಭಗವಾನ್ ವಿಷ್ಣುವೆಂದು ನಿರ್ಣಯಿಸಿದರು. ಉಸಿರಾಟವೂ ನಮ್ಮ ವಶದಲ್ಲಿಲ್ಲದಿರುವಾಗ ಒಡೆತನದ ಮಾತೆಲ್ಲಿ?

ಆದ್ದರಿಂದಲೇ ಪ್ರತಿದಿನ ನಾವು ಪಾರಾಯಣ ಮಾಡುವ ವಿಷ್ಣುಸಹಸ್ರನಾಮದಲ್ಲಿ ಪ್ರಭು, ಈಶ್ವರ, ಲೋಕಸ್ವಾಮೀ, ಲೋಕನಾಥ, ಮಹೀಭರ್ತಾ ಎಂಬ ನಾಮಗಳು ಬರುತ್ತವೆ. ಚಕ್ರವರ್ತಿಗಳಿಗೆ ಒಪ್ಪುವ ದೊಡ್ಡ ಹೆಸರುಗಳು ಮಾತ್ರವಲ್ಲ, ಹಳ್ಳಿಯ ಮುಖ್ಯಸ್ಥನನ್ನು ಹೇಳುವ 'ಗ್ರಾಮಣೀ' ಶಬ್ದವೂ ಅಲ್ಲಿ ಭಗವಂತನ ನಾಮವಾಗಿದೆ. ಊರ ಗೌಡನಿಂದ ಸಾರ್ವಭೌಮನವರೆಗೆ ಎಲ್ಲರ ಬಿರುದುಗಳೂ ಅಲ್ಲಿಂದಲೇ ಎರವಲು ಬಂದವು ಎಂದು ತಿಳಿಯತಕ್ಕದ್ದು. ಎರವಲು ತಂದ ವಸ್ತುವನ್ನು ಜೋಪಾನವಾಗಿ ಬಳಸಬೇಕು, ಸಕಾಲದಲ್ಲಿ ಒಪ್ಪಿಸಬೇಕು, ತನ್ನದೆಂದು ಸಾಧಿಸಬಾರದು.

ರಾಜಸೂಯದಲ್ಲಿ ಕಾಲು ತೊಳೆದವನು

ಹೀಗೆ ರಾಜಶಬ್ದಕ್ಕೆ ಮುಖ್ಯಾರ್ಥನಾದ ಭಗವಂತನು ಅವತಾರದಲ್ಲಿ ಆ ಶಬ್ದವನ್ನು ಹೇಗೆ ನಡೆಸಿಕೊಂಡನು? ಕಂಸವಧೆಯ ನಂತರ ಮಥುರೆಯ ಸಿಂಹಾಸನವು ಶ್ರೀಕೃಷ್ಣನ ಕೈಯಲ್ಲಿಯೇ ಇತ್ತು. ಅವನು ಏರಲಿಲ್ಲ. ಯಯಾತಿಯ ಶಾಪದಿಂದ ಯದುಗಳು ಸಿಂಹಾಸನವೇರಬಾರದೆಂಬ ಕಾರಣವನ್ನು ಹೇಳಿ ವೃದ್ಧನಾದ ಉಗ್ರಸೇನನನ್ನೇ ಕೂಡಿಸಿದನು, ತಾನು ಅವನ ಆಜ್ಞೆಯಲ್ಲಿರುವೆನೆಂದನು. ಮುಂದೆ ಕುರುಕ್ಷೇತ್ರದಲ್ಲಿ ಕುದುರೆಗಳ ಹಗ್ಗ ಹಿಡಿದು ಕುಳಿತನು. ಚೆನ್ನೈಯ ತಿರುವಲ್ಲಿಕ್ಕೇಣಿಯಲ್ಲಿ ನಮ್ಮವರೂ ದರ್ಶನ ಮಾಡುವ ಸ್ವಾಮಿಯ ಹೆಸರು ಪಾರ್ಥಸಾರಥಿ. ಜಗದೊಡೆಯನನ್ನು ಭಕ್ತರು ಅಲ್ಲಿ ಕರೆಯುವುದು ರಥ ಹೊಡೆದವನೆಂಬ ಹೆಸರಿನಿಂದ.

ಧರ್ಮರಾಜನ ರಾಜಸೂಯಯಾಗದಲ್ಲಿ ಅಗ್ರಪೂಜೆಯು ಯಾರಿಗೆ ಎಂಬ ವಿಚಾರ ಬಂದಾಗ ಭೀಷ್ಮಾಚಾರ್ಯರ ಮಾತಿನಂತೆ ಸಹದೇವನು ಶ್ರೀಕೃಷ್ಣನಿಗೆ ಅರ್ಘ್ಯವನ್ನು ಅರ್ಪಿಸಿದನು. ಆಗ ಶಿಶುಪಾಲನು ಸಿಡಿದೆದ್ದನು. ಅವನ ಆಕ್ಷೇಪದಲ್ಲಿ ಮುಖ್ಯವಾದದ್ದು ಇದು: ಕೃಷ್ಣನು ರಾಜನೇ ಅಲ್ಲ, ಇಷ್ಟು ಮಂದಿ ಅಭಿಷಿಕ್ತರಾದ ರಾಜರಿರುವ ಸಭೆಯಲ್ಲಿ ರಾಜನಲ್ಲದವನಿಗೆ ರಾಜಮರ್ಯಾದೆ ಏಕೆ? ಲೌಕಿಕದೃಷ್ಟಿಯಿಂದ ನೋಡಿದರೆ ಅವನ ಮಾತಿನ ಮೊದಲರ್ಧದಲ್ಲಿ ಸುಳ್ಳಿಲ್ಲ. ಶ್ರೀಕೃಷ್ಣನಿಗೆ ಪಟ್ಟಾಭಿಷೇಕವಾಗಿರಲಿಲ್ಲ. ಶಿಶುಪಾಲನಿಗೆ ಬಿರುದು ಕಂಡಿತು, ಬಿರುದಿನ ಅರ್ಥವು ಕಾಣಲಿಲ್ಲ. ಅರ್ಥವೇ ಎದುರಿಗೆ ಬಂದು ಕುಳಿತಿದ್ದರೂ ಅದರ ಹಣೆಗೆ ಪಟ್ಟವಿಲ್ಲವಲ್ಲ ಎಂದು ಕೂಗಿದನು.

ಅದೇ ಯಾಗದಲ್ಲಿ ಬಂಧುಗಳು ಒಂದೊಂದು ಕೆಲಸವನ್ನು ಹಂಚಿಕೊಂಡರೆಂದು ಭಾಗವತವು ವರ್ಣಿಸುತ್ತದೆ. ಭೀಮಸೇನನು ಅಡುಗೆಮನೆಯನ್ನು ನೋಡಿಕೊಂಡನು. ದುರ್ಯೋಧನನು ಭಂಡಾರವನ್ನು ವಹಿಸಿಕೊಂಡನು. ಸಹದೇವನು ಅತಿಥಿಗಳನ್ನು ಸತ್ಕರಿಸಿದನು. ನಕುಲನು ಸಾಮಗ್ರಿಗಳನ್ನು ಒದಗಿಸಿದನು. ಅರ್ಜುನನು ಹಿರಿಯರ ಸೇವೆಗೆ ನಿಂತನು. ದ್ರೌಪದಿಯು ಬಡಿಸಿದಳು. ದಾನ ಮಾಡುವ ಕೆಲಸವು ಕರ್ಣನದಾಯಿತು. ಶ್ರೀಕೃಷ್ಣನು ಆರಿಸಿಕೊಂಡದ್ದು ಬಂದವರ ಕಾಲು ತೊಳೆಯುವ ಕೆಲಸವನ್ನು. ಮೊದಲ ಮರ್ಯಾದೆ ಸಂದದ್ದು ಕೊನೆಯ ಕೆಲಸವನ್ನು ಹಿಡಿದವನಿಗೆ. ಈ ಒಂದು ಚಿತ್ರವು ಮನಸ್ಸಿನಲ್ಲಿ ನಿಂತರೆ ರಾಜಶಬ್ದದ ಬಗೆಗೆ ಬೇರೆ ವ್ಯಾಖ್ಯಾನವು ಬೇಡ.

ಸಂನ್ಯಾಸಿಗಳಿಗೆ ರಾಜಮರ್ಯಾದೆ ಏಕೆ?

ನಗರಗಳಲ್ಲಿ ಬೆಳೆದ ನಮ್ಮ ಯುವಕರು ಆಗಾಗ ಒಂದು ಪ್ರಶ್ನೆಯನ್ನು ಕೇಳುತ್ತಾರೆ. ಸರ್ವಸಂಗಪರಿತ್ಯಾಗಿಗಳಾದ ಯತಿಗಳಿಗೆ ಪಲ್ಲಕ್ಕಿ, ಛತ್ರ, ಚಾಮರ, ಬಿರುದಾವಳಿಗಳೇಕೆ? ಮಠಕ್ಕೆ 'ಸಂಸ್ಥಾನ'ವೆಂದೂ, ಅದರ ಆಡಳಿತಗಾರರಿಗೆ 'ದಿವಾನ'ರೆಂದೂ, ಸಭೆಗೆ 'ದರ್ಬಾರು' ಎಂದೂ ಅರಮನೆಯ ಶಬ್ದಗಳೇಕೆ? ಪ್ರಶ್ನೆಯು ಅಗೌರವದ್ದಲ್ಲ. ಹಿರಿಯರು ಗದರಿಸಿ ಬಾಯಿ ಮುಚ್ಚಿಸದೆ ಉತ್ತರ ಕೊಡಬೇಕಾದ ಪ್ರಶ್ನೆ.

ಉತ್ತರವು ಮೇಲೆ ಹೇಳಿದ ನ್ಯಾಯದಲ್ಲಿಯೇ ಇದೆ. ಸಂಸ್ಥಾನದ ಅರಸನು ಪೂಜೆಗೊಳ್ಳುವ ಭಗವಂತನು. ಯತಿಗಳು ಅವನ ಪ್ರಥಮಸೇವಕರು. ಸಲ್ಲುವ ಮರ್ಯಾದೆಯು ಅವರ ಮೂಲಕ ಗುರುಪರಂಪರೆಗೆ, ಮುಖ್ಯಪ್ರಾಣನಿಗೆ, ಕೊನೆಗೆ ಶ್ರೀಹರಿಗೆ ತಲುಪುತ್ತದೆ. ಉಡುಪಿಯ ಪರ್ಯಾಯೋತ್ಸವವನ್ನು ನೋಡಿರಿ. ಎರಡು ವರ್ಷಗಳಿಗೊಮ್ಮೆ ಜನವರಿ 18ರ ಮುಂಜಾನೆ ಅಷ್ಟಮಠಗಳಲ್ಲಿ ಒಂದರ ಯತಿಗಳು ಸರ್ವಜ್ಞಪೀಠವನ್ನು ಏರುತ್ತಾರೆ. ಮೆರವಣಿಗೆಯೂ ದರ್ಬಾರೂ ನಡೆಯುತ್ತವೆ. ಆದರೆ ಅಂದು ಇಳಿಯುವ ಯತಿಗಳು ಏರುವ ಯತಿಗಳ ಕೈಗೆ ಕೊಡುವುದೇನು? ಕತ್ತಿಯಲ್ಲ, ರಾಜಮುದ್ರೆಯಲ್ಲ. ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ. ಅನ್ನ ಬೇಯಿಸುವ ಪಾತ್ರೆ, ಬಡಿಸುವ ಸಟ್ಟುಗ, ದೇವರ ಬಾಗಿಲನ್ನು ತೆರೆಯುವ ಕೀಲಿ: ಇವೇ ಆ ಸಾಮ್ರಾಜ್ಯದ ಲಾಂಛನಗಳು. ಶ್ರೀವಾದಿರಾಜರು ಏರ್ಪಡಿಸಿದರೆಂದು ಸಂಪ್ರದಾಯವು ಹೇಳುವ ಈ ಕ್ರಮದಲ್ಲಿ ಎರಡು ವರ್ಷ ತುಂಬಿದೊಡನೆ ಅವನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೆಳಗಿಳಿಯಲೇಬೇಕು. ಎಂಟು ಮಠಗಳ ಸರದಿ ಮುಗಿಯಲು ಹದಿನಾರು ವರ್ಷಗಳು.

ನಮ್ಮ ಹರಿದಾಸಪರಂಪರೆಯಲ್ಲಿ ಮೂವರು ಯತಿಶ್ರೇಷ್ಠರ ಹೆಸರಿನಲ್ಲಿ ರಾಜಶಬ್ದವಿದೆ: ಶ್ರೀಪಾದರಾಜರು, ಶ್ರೀವ್ಯಾಸರಾಜರು, ಶ್ರೀವಾದಿರಾಜರು. ಕೃಷ್ಣದೇವರಾಯನಿಗೆ ಕುಹೂಯೋಗದ ಗಂಡಾಂತರವು ಬಂದಾಗ ಶ್ರೀವ್ಯಾಸರಾಜರು ವಿಜಯನಗರದ ಸಿಂಹಾಸನದಲ್ಲಿಯೇ ಕುಳಿತು ಅವನನ್ನು ಕಾಪಾಡಿದರೆಂಬುದು ಪರಂಪರೆಯಲ್ಲಿ ಪ್ರಸಿದ್ಧ. ಅರಸನಿಗೆ ಬಂದ ಕ್ಷತದಿಂದ ಅರಸನನ್ನೇ ಕಾಯಲು ಏರಿದರು, ಕಾದು ಇಳಿದರು. ಆಮೇಲೆ ತಮ್ಮ ಕೀರ್ತನೆಗಳಿಗೆ ಈ ಮಹನೀಯರು ಹಾಕಿದ ಅಂಕಿತವನ್ನು ಗಮನಿಸಿರಿ. ಶ್ರೀಪಾದರಾಜರದು ರಂಗವಿಠಲ, ಶ್ರೀವ್ಯಾಸರಾಜರದು ಸಿರಿಕೃಷ್ಣ, ಶ್ರೀವಾದಿರಾಜರದು ಹಯವದನ. ಲೋಕವು ಅವರನ್ನು ರಾಜರೆಂದಿತು. ಅವರು ಸಹಿ ಮಾಡಿದ್ದು ಒಡೆಯನ ಹೆಸರಿನಲ್ಲಿ.

ಅವರ ಶಿಷ್ಯಸಮೂಹದಲ್ಲಿ ಇನ್ನೊಂದು ಸ್ವಾರಸ್ಯವಿದೆ. 'ನಾಯಕ' ಎಂಬುದು ವಿಜಯನಗರದ ಕಾಲದಲ್ಲಿ ಗೌರವದ ಶಬ್ದ; ಮುಂದೆ ನಡೆಸುವವನು ಎಂದರ್ಥ. ನವಕೋಟಿನಾರಾಯಣನೆನಿಸಿದ ಶ್ರೀನಿವಾಸನಾಯಕರು ಸಂಪತ್ತನ್ನು ತೊರೆದು ಪುರಂದರದಾಸರಾದರು. ತಿಮ್ಮಪ್ಪನಾಯಕರು ಕನಕದಾಸರಾದರು. ಹೆಸರಿನಿಂದ 'ನಾಯಕ'ವು ಬಿದ್ದುಹೋಗಿ 'ದಾಸ'ವು ಬಂದಿತು. ಇದರಿಂದ ಅವರಿಗೆ ನಷ್ಟವೇನಾಯಿತು? ಅಂದಿನ ಎಷ್ಟೋ ನಾಯಕರ ಹೆಸರುಗಳು ಶಾಸನದ ಕಲ್ಲಿನಲ್ಲಿ ಉಳಿದಿವೆ. ಈ ಇಬ್ಬರು ದಾಸರ ಹೆಸರು ಮುಂಬಯಿಯ ಚಾಳಿನಿಂದ ದೆಹಲಿಯ ಸರ್ಕಾರಿ ವಸತಿಯವರೆಗೆ ಪ್ರತಿ ಮನೆಯ ಭಜನೆಯಲ್ಲಿ ಉಳಿದಿದೆ.

ಅಧಿಕಾರವೆಂದರೆ

ಇತಿಹಾಸವೂ ಇದನ್ನೇ ಸಾರುತ್ತದೆ. ಬ್ರಿಟಿಷರ ಕಾಲದಲ್ಲಿ 'ರಾವ್ ಸಾಹೇಬ್', 'ರಾವ್ ಬಹದ್ದೂರ್' ಎಂಬ ಬಿರುದುಗಳಿಗಾಗಿ ಎಷ್ಟು ಜನ ಕಾತರರಾಗಿದ್ದರು! 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 18ನೆಯ ಅನುಚ್ಛೇದವು ಸೇನೆಯ ಮತ್ತು ವಿದ್ಯೆಯ ಗೌರವಗಳನ್ನುಳಿದು ಬಿರುದು ಕೊಡುವುದನ್ನೇ ನಿಷೇಧಿಸಿತು. 1971ರಲ್ಲಿ 26ನೆಯ ತಿದ್ದುಪಡಿಯಿಂದ ಹಳೆಯ ಸಂಸ್ಥಾನಿಕರ ಮಾನ್ಯತೆಯೂ ರಾಜಧನವೂ ರದ್ದಾದವು. ಮುಂಬಯಿಯಲ್ಲಿ ವಿಕ್ಟೋರಿಯಾ ಮಹಾರಾಣಿಯ ಹೆಸರನ್ನು ಹೊತ್ತಿದ್ದ ರೈಲುನಿಲ್ದಾಣವು 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರನ್ನು ಪಡೆಯಿತು. ಕೊಟ್ಟ ಹೆಸರನ್ನು ಕಾಲವು ಹಿಂದಕ್ಕೆ ಪಡೆಯುತ್ತಲೇ ಇರುತ್ತದೆ.

ರೈಲ್ವೆ ಇಲಾಖೆಯಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದ ನನಗೆ ಈ ಪಾಠವು ನಿವೃತ್ತಿಯ ದಿನ ಪ್ರತ್ಯಕ್ಷವಾಯಿತು. ಅಂದು ಸಂಜೆ ಚಾರ್ಜ್ ಒಪ್ಪಿಸಿದ ಕಾಗದಕ್ಕೆ ಸಹಿ ಹಾಕಿದೆ. ಕುರ್ಚಿ ಅಲ್ಲಿಯೇ ಇತ್ತು, ದೂರವಾಣಿ ಅಲ್ಲಿಯೇ ಇತ್ತು, ಬಾಗಿಲಿನ ಫಲಕ ಮಾತ್ರ ಬದಲಾಗಬೇಕಿತ್ತು. 'ಅಧಿಕಾರಿ' ಎಂಬ ಶಬ್ದಕ್ಕೆ ಶಾಸ್ತ್ರದಲ್ಲಿರುವ ಅರ್ಥವನ್ನು ಆಮೇಲೆ ನಿಧಾನವಾಗಿ ಚಿಂತಿಸಿದೆ. ವೇದಾಂತದಲ್ಲಿ ಅಧಿಕಾರವೆಂದರೆ ಇತರರ ಮೇಲಿನ ಹಿಡಿತವಲ್ಲ; ತನ್ನ ಯೋಗ್ಯತೆ. ಶ್ರೀಮದಾಚಾರ್ಯರು ಸೂತ್ರಭಾಷ್ಯದ ಆದಿಯಲ್ಲಿ ಮೂರು ಬಗೆಯ ಅಧಿಕಾರಿಗಳನ್ನು ಹೇಳಿದ್ದಾರೆ. ವಿಷ್ಣುಭಕ್ತಿಯೂ ಅಧ್ಯಯನವೂ ಇದ್ದರೆ ಮೊದಲ ಮೆಟ್ಟಿಲು. ಶಮಾದಿಗುಣಗಳು ಕೂಡಿದರೆ ನಡುವಿನದು. ಪ್ರಪಂಚದ ಅಸಾರತೆಯನ್ನರಿತು ವಿರಕ್ತನಾಗಿ ಹರಿಪಾದವನ್ನೇ ಆಶ್ರಯಿಸಿದರೆ ಉತ್ತಮ. ಈ ಅಧಿಕಾರಕ್ಕೆ ನಿವೃತ್ತಿಯ ವಯಸ್ಸಿಲ್ಲ, ವರ್ಗಾವಣೆಯಿಲ್ಲ. ಅರವತ್ತರ ನಂತರವೂ ಬಡ್ತಿಗೆ ಅವಕಾಶವಿರುವುದು ಇದೊಂದರಲ್ಲಿಯೇ.

ನಮ್ಮಲ್ಲಿ ಅನೇಕ ಹಿರಿಯರು ಕೆಲಸದಿಂದ ಬಿಡುಗಡೆಯಾದ ಮೇಲೆ ಒಳಗೊಳಗೇ ಕುಗ್ಗುತ್ತಾರೆ. ಆರಾಧನೆಯ ದಿನ ತೀರ್ಥಕ್ಕೆ ಮೊದಲು ಕರೆಯಲಿಲ್ಲ, ಫಲಮಂತ್ರಾಕ್ಷತೆಯ ಸಾಲಿನಲ್ಲಿ ಹಿಂದೆ ನಿಲ್ಲಿಸಿದರು, ಹುದ್ದೆಯಲ್ಲಿದ್ದಾಗ ಹೀಗೆ ಮಾಡುತ್ತಿದ್ದರೇ ಎಂದು ನೊಂದು ಮಠಕ್ಕೆ ಬರುವುದನ್ನೇ ಬಿಟ್ಟವರೂ ಉಂಟು. ಅವರ ನೋವು ಹುಸಿಯಲ್ಲ. ಹಿರಿಯರನ್ನು ಗೌರವದಿಂದ ನಡೆಸಿಕೊಳ್ಳುವುದು ಕಿರಿಯರ ಧರ್ಮವೇ ಸರಿ. ಆದರೆ ನೊಂದವರು ರಾಜಸೂಯದ ಸಭೆಯನ್ನೂ ನೆನೆಯಲಿ. ಅಗ್ರಪೂಜೆಗಾಗಿ ಸಿಡಿದೆದ್ದವನು ಯಾರು, 'ಎಲ್ಲಿ ಕಾಲು ತೊಳೆಯಲಿ' ಎಂದು ಚೊಂಬು ಹಿಡಿದು ನಿಂತವನು ಯಾರು? ಇಂದಿಗೂ ಮಠದಲ್ಲಿ ಎಲೆ ಹಾಕುವವರು ಬೇಕು, ನೀರು ಬಡಿಸುವವರು ಬೇಕು, ಮಕ್ಕಳಿಗೆ ಸ್ತೋತ್ರಪಾಠ ಹೇಳುವವರು ಬೇಕು, ಊರಿನಿಂದ ಚಿಕಿತ್ಸೆಗೆಂದು ಬಂದ ಅಪರಿಚಿತ ಕುಟುಂಬಕ್ಕೆ ಆಸ್ಪತ್ರೆಯ ದಾರಿ ತೋರಿಸುವವರು ಬೇಕು. ಈ ಜಾಗಗಳಲ್ಲಿ ಸಾಲು ಎಂದೂ ಉದ್ದವಿರುವುದಿಲ್ಲ.

ಹೀಗೆಂದು ಹೆಸರಿನಿಂದ 'ರಾವ್' ಅನ್ನು ಕಿತ್ತುಹಾಕಬೇಕೆಂದು ನನ್ನ ಅಭಿಪ್ರಾಯವಲ್ಲ. ಹಿರಿಯರು ಕೊಟ್ಟದ್ದನ್ನು ಉಳಿಸಿಕೊಳ್ಳೋಣ. ಆದರೆ ಮಕ್ಕಳಿಗೆ ಅದರ ಅರ್ಥವನ್ನು ಹೇಳಿಕೊಡೋಣ. ಅದು ನಾಲ್ಕು ಜನರನ್ನು ಕಾಯಬೇಕಾದವನ ಹೆಸರು, ತನ್ನಿಂದ ಇತರರಿಗೆ ಸಂತೋಷವಾಗುವಂತೆ ಬಾಳಬೇಕಾದವನ ಹೆಸರು, ಮೂಲತಃ ಶ್ರೀಹರಿಯದು, ನಮ್ಮ ಮನೆಯಲ್ಲಿ ಎರವಲಾಗಿ ಇದೆ ಎಂದು ಹೇಳೋಣ. ಕನ್ನಡವನ್ನು ಓದಲು ಬಾರದ ಮಗುವಿಗೂ ಈ ಮಾತು ತಿಳಿಯುತ್ತದೆ. ನಮ್ಮ ನಾಲಗೆ ಅದನ್ನು ಹೇಳುವುದಕ್ಕಿಂತ ನಮ್ಮ ನಡತೆ ಹೇಳಿದರೆ ಇನ್ನೂ ಬೇಗ ತಿಳಿಯುತ್ತದೆ.

ಕೊನೆಯದಾಗಿ ಒಂದು ಶಬ್ದ. 1969ರಲ್ಲಿ ದೆಹಲಿ ಹೌರಾಗಳ ನಡುವೆ ಮೊದಲ 'ರಾಜಧಾನಿ' ಗಾಡಿಯು ಓಡಿತು. ಆ ಹೆಸರಿನ ಗಾಡಿಗಳಲ್ಲಿ ನಮ್ಮವರು ಇಂದು ದೇಶದ ಉದ್ದಗಲಕ್ಕೂ ಪ್ರಯಾಣ ಮಾಡುತ್ತಾರೆ. 'ಧಾನೀ' ಎಂದರೆ ಇರಿಸುವ ಸ್ಥಾನ. ರಾಜನು ಇರುವ ಸ್ಥಾನವು ರಾಜಧಾನಿ. ಛಾಂದೋಗ್ಯೋಪನಿಷತ್ತು ಈ ಶರೀರವನ್ನೇ ಬ್ರಹ್ಮಪುರವೆಂದು ಕರೆದು, ಅದರೊಳಗಿನ ಹೃದಯಕಮಲವನ್ನು ಅವನ ಮನೆಯೆಂದಿದೆ. ಕೆಲಸಕ್ಕಾಗಿ ಎಷ್ಟು ಊರುಗಳನ್ನು ಸುತ್ತಿದರೂ ಆ ಪುರವನ್ನು ನಾವು ಬಿಟ್ಟುಬಂದಿಲ್ಲ, ಅದರ ಅರಸನೂ ನಮ್ಮನ್ನು ಬಿಟ್ಟಿಲ್ಲ. ಬಾಡಿಗೆಯ ಮನೆಯಾಗಲಿ, ಹತ್ತನೆಯ ಅಂತಸ್ತಿನ ಫ್ಲಾಟ್ ಆಗಲಿ, ಅವನ ಸಿಂಹಾಸನವು ಅಲ್ಲಿಯೇ ಇದೆ. ಆ ಅರಸನ ಊಳಿಗದಲ್ಲಿ ನಮಗೆ ದಾಸತ್ವದ ಅಧಿಕಾರವನ್ನು ಗುರುಗಳು ಅನುಗ್ರಹಿಸಲಿ ಎಂದು ಪ್ರಾರ್ಥಿಸೋಣ.

॥ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥